ಹಾರ್ಮೋನ್, ವರ್ತನೆ ಮತ್ತು ಮುಕ್ತ ಸಂಶೋಧನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ, ಕುಮಟಾ, ಕಾರವಾರದ ಕಾಲೇಜುಗಳಲ್ಲಿ ಹಾರ್ಮೋನ್ ಮತ್ತು ವರ್ತನೆಯ ಕುರಿತು ಮಾತನಾಡಲು ಹೋದಾಗ ನಿಜವಾದ ಪ್ರಶ್ನೆಗಳು ಬರುವುದು ವಂದನಾರ್ಪಣೆ ಮುಗಿದ ಮೇಲೆ. ಕೆಲವು ಚಹಾ ಕುಡಿಯುವಾಗ, ಕೆಲವು ಆಮೇಲೆ ಪತ್ರದಲ್ಲಿ. ಕೇಳಿದವರಲ್ಲಿ ಪದವಿ ವಿದ್ಯಾರ್ಥಿಗಳಿದ್ದಾರೆ, ಪಿಎಚ್.ಡಿ. ಮಾಡುತ್ತಿರುವವರಿದ್ದಾರೆ, ಪಶುವೈದ್ಯರು, ಹೈನುಗಾರರು, ಕಾಡು ಸುತ್ತುವ ಹವ್ಯಾಸಿಗಳೂ ಇದ್ದಾರೆ. ಅವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ. ಆರಂಭದ ಪ್ರಶ್ನೆಗಳು ಎಲ್ಲರಿಗೂ ಸಲ್ಲುತ್ತವೆ. ಕೊನೆಯವು ಪ್ರಯೋಗಾಲಯದಲ್ಲಿ ಪಳಗಿದವರಿಗೆ.

## ಎಲ್ಲರೂ ಕೇಳುವವು

ಹಾರ್ಮೋನ್ ಎಂದರೆ ರಕ್ತಪರೀಕ್ಷೆಯ ಚೀಟಿಯಲ್ಲಿ ಬರುವ ಒಂದು ಸಂಖ್ಯೆ. ಅದರಲ್ಲಿ ‘ಮುಕ್ತ’ ಏನು, ‘ಮುಚ್ಚಿದ್ದು’ ಏನು?

ಸಂಖ್ಯೆ ಒಂದೇ ಇದ್ದರೂ ಅದರ ಹಿಂದೆ ಹತ್ತು ಸಂಗತಿಗಳಿರುತ್ತವೆ. ಒತ್ತಡದ ಹಾರ್ಮೋನ್ ಎನ್ನುವ ಕಾರ್ಟಿಸೋಲ್ ಅನ್ನೇ ನೋಡಿ. ನಾವು ಎದ್ದ 30ರಿಂದ 45 ನಿಮಿಷಗಳಲ್ಲಿ ಅದು ಏರಿ ತುದಿ ಮುಟ್ಟುತ್ತದೆ, ಮತ್ತೆ ದಿನವಿಡೀ ಇಳಿಯುತ್ತ ಹೋಗಿ ನಡುರಾತ್ರಿಯ ಹೊತ್ತಿಗೆ ತಳ ಸೇರುತ್ತದೆ. ಬೆಳಗ್ಗೆ ಎಂಟಕ್ಕೆ ತೆಗೆದ ಮಾದರಿಗೂ ಸಂಜೆ ಐದಕ್ಕೆ ತೆಗೆದ ಮಾದರಿಗೂ ಇರುವ ವ್ಯತ್ಯಾಸವು ಒತ್ತಡದಲ್ಲಿರುವವರಿಗೂ ಇಲ್ಲದವರಿಗೂ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡದಾಗಿರಬಹುದು. ಕಾಳಿ ನದಿ ಕಡಲು ಸೇರುವಲ್ಲಿ ನೀರಿನ ಆಳ ಇಷ್ಟು ಎಂದು ಬರೆದು, ಅಳೆದದ್ದು ಭರತದಲ್ಲೋ ಇಳಿತದಲ್ಲೋ ಎಂದು ಹೇಳದೆ ಬಿಟ್ಟರೆ ಕಾರವಾರದ ಯಾವ ಮೀನುಗಾರನೂ ಆ ಲೆಕ್ಕವನ್ನು ನಂಬುವುದಿಲ್ಲ.

ಮುಕ್ತ ಸಂಶೋಧನೆ ಎಂದರೆ ಸಂಖ್ಯೆಯ ಜೊತೆಗೆ ಅದು ಹುಟ್ಟಿದ ಬಗೆಯನ್ನೂ ಕೊಡುವುದು. ಯಾವ ಹೊತ್ತು, ಯಾವ ಕಿಟ್, ಯಾರನ್ನು ಲೆಕ್ಕದಿಂದ ಬಿಟ್ಟಿರಿ, ಯಾವ ವಿಶ್ಲೇಷಣೆಯನ್ನು ಮೊದಲೇ ಯೋಚಿಸಿದ್ದಿರಿ, ಯಾವುದು ಆಮೇಲೆ ಹೊಳೆದದ್ದು ಎಂಬುದೆಲ್ಲ ಅದರಲ್ಲಿ ಸೇರುತ್ತದೆ. ಇದನ್ನು ಔದಾರ್ಯವೆಂದು ಹೊಗಳುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಹಾರ್ಮೋನ್ ವಿಷಯದಲ್ಲಿ ಈ ವಿವರಗಳು ಅಳತೆಯದೇ ಭಾಗ. ಅವಿಲ್ಲದೆ ಅಳತೆ ಪೂರ್ತಿಯಾಗಿಲ್ಲ.

ಆಕ್ಸಿಟೋಸಿನ್ ಎಂದರೆ ಎಮ್ಮೆ ಹಾಲು ಇಳಿಸಲೆಂದು ಚುಚ್ಚುವ ಮದ್ದಲ್ಲವೇ? ಪತ್ರಿಕೆಯಲ್ಲಿ ‘ಪ್ರೀತಿಯ ಹಾರ್ಮೋನ್’ ಎಂದು ಓದಿದೆ. ಯಾವುದು ನಿಜ?

ಇದನ್ನು ಕೇಳಿದವರು ಹೈನುಗಾರರು, ಮತ್ತು ಕೇಳಿದ್ದು ಸರಿಯಾಗಿಯೇ ಇದೆ. ಕರು ಮೊಲೆಗೆ ಬಾಯಿ ಹಾಕಿದಾಗ ತಾಯಿಯ ಪಿಟ್ಯುಟರಿ ಗ್ರಂಥಿಯಿಂದ ಆಕ್ಸಿಟೋಸಿನ್ ಬಿಡುಗಡೆಯಾಗಿ ಕೆಚ್ಚಲಿನ ಸಣ್ಣ ಸ್ನಾಯುಕೋಶಗಳು ಹಿಂಡಿಕೊಳ್ಳುತ್ತವೆ, ಹಾಲು ಸೊರೆಯುತ್ತದೆ. ಹೆರಿಗೆಯಲ್ಲಿ ಗರ್ಭಕೋಶ ಸಂಕುಚಿಸುವುದೂ ಇದರಿಂದಲೇ. ಇವೆರಡೂ ಗಟ್ಟಿಯಾದ ಸಂಗತಿಗಳು, ಮತ್ತೆ ಮತ್ತೆ ನೋಡಿದರೂ ಬದಲಾಗಿಲ್ಲ. ಹೈನುಗಾರಿಕೆಯಲ್ಲಿ ಇದರ ದುರ್ಬಳಕೆ ಹೆಚ್ಚಿದೆಯೆಂದು ಕೇಂದ್ರ ಸರ್ಕಾರ 2018ರಲ್ಲಿ ಖಾಸಗಿ ಕಂಪನಿಗಳು ಇದನ್ನು ತಯಾರಿಸದಂತೆ ಆದೇಶಿಸಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ಬಾಣಂತಿಯರ ರಕ್ತಸ್ರಾವ ನಿಲ್ಲಿಸಲು ಬೇಕಾದ ಔಷಧವೂ ಇದೇ ಎಂಬುದನ್ನು ಮರೆಯುವಂತಿಲ್ಲ.

‘ಪ್ರೀತಿ’ಯ ಕಥೆ ಬೇರೆ. 2005ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಕೋಸ್‌ಫೆಲ್ಡ್ ಮತ್ತು ಸಂಗಡಿಗರ ಪ್ರಯೋಗವೊಂದು ಪ್ರಕಟವಾಯಿತು. ಹಣ ಹೂಡುವ ಆಟವೊಂದರಲ್ಲಿ ಮೂಗಿಗೆ ಆಕ್ಸಿಟೋಸಿನ್ ಸಿಂಪಡಿಸಿಕೊಂಡ 29 ಮಂದಿಯಲ್ಲಿ 13 ಮಂದಿ ಅಪರಿಚಿತನನ್ನು ನಂಬಿ ಇದ್ದುದನ್ನೆಲ್ಲ ಹೂಡಿದರು. ಬರೀ ಪೊಳ್ಳು ಸಿಂಪಡಣೆ ಪಡೆದ 29 ಮಂದಿಯಲ್ಲಿ ಹಾಗೆ ಮಾಡಿದವರು 6. ಸುದ್ದಿ ಜಗತ್ತು ಸುತ್ತಿತು. 2020ರಲ್ಲಿ ಡೆಕ್ಲೆರ್ಕ್ ಮತ್ತು ಸಂಗಡಿಗರು ವಿಧಾನವನ್ನು ಮೊದಲೇ ನೋಂದಾಯಿಸಿ, 677 ಜನರ ಮೇಲೆ ಅದನ್ನೇ ಮಾಡಿದರು. ನಂಬಿಕೆ ಹೆಚ್ಚಿದ್ದು ಕಾಣಲಿಲ್ಲ. ಸ್ವಭಾವತಃ ಯಾರನ್ನೂ ಬೇಗ ನಂಬದವರಲ್ಲಿ ಒಂದಿಷ್ಟು ಪರಿಣಾಮ ಇರಬಹುದೆಂಬ ಸುಳಿವೇನೋ ಸಿಕ್ಕಿತು, ಆದರೆ ಅದು ದತ್ತಾಂಶ ಕೈಗೆ ಬಂದ ಮೇಲೆ ಹುಡುಕಿದ್ದು ಎಂದು ಅವರೇ ಗುರುತಿಸಿ ಬರೆದಿದ್ದಾರೆ. ಆ ಒಂದು ಗುರುತಿಗಾಗಿಯೇ ನಾನು ಆ ಲೇಖನವನ್ನು ವಿದ್ಯಾರ್ಥಿಗಳಿಗೆ ಓದಲು ಹೇಳುತ್ತೇನೆ.

ಹಾಲಿಗೆ ಸಂಬಂಧಿಸಿದ್ದು ನಿಂತಿತು, ನಂಬಿಕೆಗೆ ಸಂಬಂಧಿಸಿದ್ದು ಅಲುಗಾಡುತ್ತಿದೆ. ಮೂಗಿಗೆ ಸಿಂಪಡಿಸಿದ್ದರಲ್ಲಿ ಮಿದುಳಿಗೆ ಎಷ್ಟು ತಲುಪುತ್ತದೆ ಎಂಬುದರ ಬಗ್ಗೆಯೇ ಇನ್ನೂ ವಾದವಿದೆ.

ಒಮ್ಮೆ ಸಾಬೀತಾದ ಮೇಲೆ ಮತ್ತೆ ಯಾಕೆ ಮಾಡಬೇಕು ಸರ್? ದುಡ್ಡು ದಂಡವಲ್ಲವೇ?

ಒಮ್ಮೆ ಕಂಡದ್ದು ಸಾಬೀತಾದದ್ದಲ್ಲ. 2010ರಲ್ಲಿ 42 ಜನರ ಒಂದು ಅಧ್ಯಯನ ಬಂತು: ಎದೆಯುಬ್ಬಿಸಿ, ಕೈಕಾಲು ಚಾಚಿ ಎರಡು ನಿಮಿಷ ಇದ್ದರೆ ಟೆಸ್ಟೊಸ್ಟಿರೋನ್ ಏರುತ್ತದೆ, ಕಾರ್ಟಿಸೋಲ್ ಇಳಿಯುತ್ತದೆ ಎಂದು. ಸಂದರ್ಶನಕ್ಕೆ ಹೋಗುವ ಮುನ್ನ ಹೀಗೆ ನಿಲ್ಲಿ ಎಂಬ ಉಪದೇಶ ನಮ್ಮ ಊರಿನ ವ್ಯಕ್ತಿತ್ವ ವಿಕಸನ ಶಿಬಿರಗಳವರೆಗೂ ಬಂದಿದೆ. 2015ರಲ್ಲಿ ರಾನೆಹಿಲ್ ಮತ್ತು ಸಂಗಡಿಗರು 200 ಜನರ ಮೇಲೆ ನೋಡಿದಾಗ ಎರಡು ಹಾರ್ಮೋನುಗಳಲ್ಲಿ ಯಾವುದರ ಮೇಲೂ ಪರಿಣಾಮ ಸಿಗಲಿಲ್ಲ. ಮೂಲ ಲೇಖನದ ಮೊದಲ ಲೇಖಕಿ ಡೇನಾ ಕಾರ್ನಿ 2016ರಲ್ಲಿ, ಆ ಪರಿಣಾಮ ನಿಜವೆಂದು ತಾನೀಗ ನಂಬುವುದಿಲ್ಲ ಎಂದು ಬಹಿರಂಗವಾಗಿ ಬರೆದರು. ಅಂಥ ಧೈರ್ಯ ಎಲ್ಲರಿಗೂ ಬರುವುದಿಲ್ಲ.

ಇದು ಒಂದು ಲೇಖನದ ಪಾಡೂ ಅಲ್ಲ. ಮನೋವಿಜ್ಞಾನದ 100 ಅಧ್ಯಯನಗಳನ್ನು ದೊಡ್ಡ ತಂಡವೊಂದು ಮತ್ತೆ ಮಾಡಿ 2015ರಲ್ಲಿ ವರದಿ ಕೊಟ್ಟಿತು. ಮೂಲದಲ್ಲಿ ಶೇ. 97ರಷ್ಟು ‘ಪರಿಣಾಮ ಇದೆ’ ಎಂದಿದ್ದವು. ಮರುಪ್ರಯೋಗದಲ್ಲಿ ಹಾಗೆ ಬಂದದ್ದು ಶೇ. 36. ದುಡ್ಡು ದಂಡವಾಗುವುದು ಮತ್ತೆ ನೋಡುವುದರಿಂದಲ್ಲ, ನೋಡದೆ ಅದರ ಮೇಲೆ ಇನ್ನೂ ಹತ್ತು ಪ್ರಬಂಧ ಕಟ್ಟುವುದರಿಂದ.

ಹಾಗಾದರೆ ಮೊದಲು ಬರೆದವರು ಸುಳ್ಳು ಹೇಳಿದರೇ?

ಬಹುತೇಕ ಇಲ್ಲ. ಮೋಸ ಮಾಡುವವರು ಇದ್ದಾರೆ, ಆದರೆ ಸಮಸ್ಯೆಯ ದೊಡ್ಡ ಪಾಲು ಪ್ರಾಮಾಣಿಕರಿಂದಲೇ ಬರುತ್ತದೆ. ದತ್ತಾಂಶ ಕೈಗೆ ಬಂದ ಮೇಲೆ ಸಣ್ಣ ಸಣ್ಣ ನಿರ್ಧಾರಗಳಿರುತ್ತವೆ. ವಿಪರೀತ ಹೆಚ್ಚಿರುವ ಈ ಒಂದು ಮಾದರಿಯನ್ನು ಬಿಡೋಣವೇ? ಗಂಡಸರನ್ನೂ ಹೆಂಗಸರನ್ನೂ ಬೇರೆ ಮಾಡಿ ನೋಡೋಣವೇ? ಇನ್ನೂ ಹತ್ತು ಜನರನ್ನು ಸೇರಿಸೋಣವೇ? ಪ್ರತಿಯೊಂದಕ್ಕೂ ಸಮರ್ಥನೆ ಇದೆ. ಸಿಮನ್ಸ್, ನೆಲ್ಸನ್, ಸೈಮನ್‌ಸೋನ್ ಎಂಬ ಮೂವರು 2011ರಲ್ಲಿ ಲೆಕ್ಕ ಹಾಕಿ ತೋರಿಸಿದರು: ಇಂಥ ನಾಲ್ಕು ಸಡಿಲಿಕೆಗಳು ಸೇರಿದರೆ, ಶೇ. 5 ಇರಬೇಕಾದ ಹುಸಿ ಫಲಿತಾಂಶದ ಸಾಧ್ಯತೆ ಶೇ. 60 ದಾಟುತ್ತದೆ. ಒಂದು ಹಾಡು ಕೇಳಿದವರ ವಯಸ್ಸು ಸುಮಾರು ಒಂದೂವರೆ ವರ್ಷ ಕಡಿಮೆಯಾಯಿತು ಎಂದೂ ಅದೇ ಲೇಖನದಲ್ಲಿ ಅವರು ‘ಸಾಬೀತು’ ಮಾಡಿದ್ದಾರೆ, ಈ ವಿಧಾನದಿಂದ ಏನನ್ನು ಬೇಕಾದರೂ ತೋರಿಸಬಹುದು ಎಂದು ಕಾಣಿಸಲು.

## ಕೆಲಸಕ್ಕೆ ಇಳಿದವರು ಕೇಳುವವು

ನಾವು ಬಿ.ಎಸ್ಸಿ. ಕೊನೆಯ ವರ್ಷದವರು. ಪರೀಕ್ಷೆಯ ದಿನ ವಿದ್ಯಾರ್ಥಿಗಳ ಜೊಲ್ಲಿನಲ್ಲಿ ಕಾರ್ಟಿಸೋಲ್ ಅಳೆಯಬೇಕೆಂದಿದ್ದೇವೆ. ಏನೇನು ಬರೆದಿಡಬೇಕು?

ಮೊದಲು ಮಾನವ ಸಂಶೋಧನೆಯ ನೈತಿಕ ಸಮಿತಿಯ ಒಪ್ಪಿಗೆ. ಅದಿಲ್ಲದೆ ಒಂದು ಹನಿ ಜೊಲ್ಲನ್ನೂ ತೆಗೆಯಬೇಡಿ.

ಆಮೇಲೆ ಹೊತ್ತು. ಗಡಿಯಾರದ ಹೊತ್ತು ಮಾತ್ರ ಸಾಲದು, ಎದ್ದ ಹೊತ್ತೂ ಬೇಕು. ಅಂಕೋಲಾದ ಹಳ್ಳಿಯಿಂದ ಮೊದಲ ಬಸ್ಸಿಗೆ ಬರುವ ಹುಡುಗಿ ಐದಕ್ಕೆ ಎದ್ದಿರುತ್ತಾಳೆ, ಹಾಸ್ಟೆಲಿನ ಹುಡುಗ ಎಂಟೂವರೆಗೆ. ಒಂಬತ್ತಕ್ಕೆ ಇಬ್ಬರ ಜೊಲ್ಲನ್ನೂ ತೆಗೆದರೆ ನೀವು ಪರೀಕ್ಷೆಯ ಭಯವನ್ನು ಅಳೆದಿರುವುದಿಲ್ಲ, ಬಸ್ಸಿನ ವೇಳಾಪಟ್ಟಿಯನ್ನು ಅಳೆದಿರುತ್ತೀರಿ. ಒತ್ತಡ ಶುರುವಾದ ಕೂಡಲೇ ಜೊಲ್ಲಿನಲ್ಲಿ ಅದು ಕಾಣುವುದೂ ಇಲ್ಲ. ತುದಿ ಮುಟ್ಟಲು ಸುಮಾರು 20ರಿಂದ 30 ನಿಮಿಷ ಹಿಡಿಯುತ್ತದೆ.

ಬಾಯಿಯ ಸ್ಥಿತಿ ಮುಖ್ಯ. ಊಟ, ಚಹಾ, ಹಲ್ಲುಜ್ಜಿದ್ದು ಎಲ್ಲವನ್ನೂ ಕೇಳಿ. ಒಸಡಿನಿಂದ ರಕ್ತ ಬಂದಿದ್ದರೆ ಆ ಮಾದರಿಯನ್ನು ಗುರುತು ಮಾಡಿ, ಏಕೆಂದರೆ ರಕ್ತದಲ್ಲಿ ಹಾರ್ಮೋನ್ ಪ್ರಮಾಣ ಜೊಲ್ಲಿಗಿಂತ ಎಷ್ಟೋ ಹೆಚ್ಚು. ನಮ್ಮ ಜಿಲ್ಲೆಗೇ ಸಲ್ಲುವ ಒಂದು ಪ್ರಶ್ನೆಯನ್ನು ಪಟ್ಟಿಗೆ ಸೇರಿಸಲು ಮರೆಯಬೇಡಿ: ಕವಳ (ಎಲೆಯಡಿಕೆ) ಹಾಕಿದ್ದಾರೆಯೇ? ಸುಣ್ಣ ಜೊಲ್ಲಿನ ಆಮ್ಲ-ಕ್ಷಾರ ಸಮತೋಲವನ್ನು ಕದಡುತ್ತದೆ, ಕೆಂಪು ಬಣ್ಣ ಎಲೈಸಾ (ಬಣ್ಣದ ಗಾಢತೆಯಿಂದ ಹಾರ್ಮೋನ್ ಪ್ರಮಾಣ ತಿಳಿಸುವ ಪರೀಕ್ಷೆ) ಓದುವ ಯಂತ್ರಕ್ಕೆ ಅಡ್ಡ ಬರಬಹುದು. ಹೊರಗಿನ ಯಾವ ಮಾರ್ಗದರ್ಶಿ ಪುಸ್ತಿಕೆಯೂ ನಿಮಗೆ ಇದನ್ನು ಹೇಳಿಕೊಡುವುದಿಲ್ಲ. ಗರ್ಭನಿರೋಧಕ ಗುಳಿಗೆ, ಉಬ್ಬಸದ ಸ್ಟಿರಾಯ್ಡ್ ಪಂಪ್, ಮುಟ್ಟಿನ ದಿನ ಇವನ್ನು ಖಾಸಗಿಯಾಗಿ, ಚೀಟಿಯಲ್ಲಿ ಬರೆಯಲು ಬಿಡಿ. ತರಗತಿಯ ಮುಂದೆ ಕೇಳಬೇಡಿ.

ಕೊನೆಗೆ ಫ್ರೀಜರ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟ್ ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಫ್ರೀಜರಿನ ಒಳಗೆ ಒಂದು ಲೋಟ ನೀರನ್ನು ಗಟ್ಟಿಯಾಗಲು ಬಿಟ್ಟು, ಅದರ ಮೇಲೆ ಒಂದು ನಾಣ್ಯ ಇಡಿ. ರಜೆ ಮುಗಿಸಿ ಬಂದಾಗ ನಾಣ್ಯ ತಳದಲ್ಲಿದ್ದರೆ ಎಲ್ಲವೂ ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದೆ ಎಂದರ್ಥ. ಅದನ್ನೂ ಬರೆಯಿರಿ. ‘ಮಾದರಿಗಳನ್ನು ಮೈನಸ್ 20 ಡಿಗ್ರಿಯಲ್ಲಿ ಇಡಲಾಗಿತ್ತು’ ಎಂದು ಎಲ್ಲರೂ ಬರೆಯುತ್ತಾರೆ. ಎಷ್ಟು ಬಾರಿ ಕರಗಿತು ಎಂದು ಬರೆಯುವವರು ಕಡಿಮೆ.

ಪೂರ್ವನೋಂದಣಿ ಎಂದರೇನು? ಯಾವ ಕಚೇರಿಗೆ ಹೋಗಬೇಕು, ಶುಲ್ಕ ಎಷ್ಟು?

ಕಚೇರಿಯೂ ಇಲ್ಲ, ಶುಲ್ಕವೂ ಇಲ್ಲ. ದತ್ತಾಂಶ ನೋಡುವ ಮೊದಲು ನಿಮ್ಮ ಪ್ರಶ್ನೆ, ವಿಧಾನ, ವಿಶ್ಲೇಷಣೆಯನ್ನು ಬರೆದು, ದಿನಾಂಕದ ಮುದ್ರೆ ಬೀಳುವ ಕಡೆ ಇಡುವುದು, ಅಷ್ಟೇ. ಸೆಂಟರ್ ಫಾರ್ ಓಪನ್ ಸೈನ್ಸ್ ನಡೆಸುವ ಓಎಸ್‌ಎಫ್ ತಾಣದಲ್ಲಿ ಉಚಿತವಾಗಿ ಇಡಬಹುದು. ಬೇರೆಯವರು ಈಗಲೇ ನೋಡಬಾರದು ಎಂದಿದ್ದರೆ ನಾಲ್ಕು ವರ್ಷದವರೆಗೆ ಮುಚ್ಚಿಡಲೂ ಅವಕಾಶವಿದೆ. ಮನುಷ್ಯರಿಗೆ ಔಷಧ ಅಥವಾ ಚಿಕಿತ್ಸೆ ಕೊಟ್ಟು ನೋಡುವುದಾದರೆ ಮಾತ್ರ ಭಾರತದ ಕ್ಲಿನಿಕಲ್ ಟ್ರಯಲ್ಸ್ ನೋಂದಣಿ ವ್ಯವಸ್ಥೆಗೆ ಹೋಗಬೇಕು. ಅದು 2007ರಿಂದ ನಡೆಯುತ್ತಿದೆ.

‘ಒತ್ತಡಕ್ಕೂ ಕಾರ್ಟಿಸೋಲ್‌ಗೂ ಸಂಬಂಧ ನೋಡುತ್ತೇವೆ’ ಎಂದು ಬರೆದರೆ ಅದು ನೋಂದಣಿಯಲ್ಲ, ಹಾರೈಕೆ. ‘60 ಜನ, ಎದ್ದ ಮೂರು ಗಂಟೆಯ ಮೇಲೆ ಮಾದರಿ, ಎರಡು ಬಾವಿಗಳ ನಡುವಿನ ವ್ಯತ್ಯಾಸ ಶೇ. 15 ದಾಟಿದರೆ ಆ ಮಾದರಿಯನ್ನು ಮತ್ತೆ ಅಳೆಯುತ್ತೇವೆ. ಮೌಲ್ಯಗಳ ಲಾಗರಿದಮ್ ತೆಗೆದು ಹೋಲಿಸುತ್ತೇವೆ’ ಎಂದು ಬರೆದರೆ ನೋಂದಣಿ. ಬಾವಿ ಎಂದರೆ ಎಲೈಸಾ ತಟ್ಟೆಯ ಸಣ್ಣ ಕುಳಿ. ದಾರಿಯಲ್ಲಿ ಯೋಜನೆ ಬದಲಾದರೆ ಆಕಾಶ ಬೀಳುವುದಿಲ್ಲ. ಏನು ಬದಲಾಯಿತು, ಏಕೆ ಎಂದು ಲೇಖನದಲ್ಲಿ ಹೇಳಿದರೆ ಆಯಿತು.

ಹಕ್ಕಿಯನ್ನು ಬಲೆಯಲ್ಲಿ ಹಿಡಿದು ರಕ್ತ ತೆಗೆದರೆ ಹಿಡಿದ ಭಯವನ್ನೇ ಅಳೆದಂತಾಗುವುದಿಲ್ಲವೇ?

ಆಗುತ್ತದೆ, ತಡ ಮಾಡಿದರೆ. ಅದಕ್ಕೇ ಮೂರು ನಿಮಿಷದ ನಿಯಮ. ಬಲೆಗೆ ಬಿದ್ದ ಮೂರು ನಿಮಿಷದೊಳಗೆ ತೆಗೆದ ರಕ್ತದಲ್ಲಿ ಕಾರ್ಟಿಕೋಸ್ಟಿರೋನ್ (ಹಕ್ಕಿಗಳ ಒತ್ತಡದ ಹಾರ್ಮೋನ್) ಬಹುಮಟ್ಟಿಗೆ ಮೊದಲಿನ ಮಟ್ಟದಲ್ಲೇ ಇರುತ್ತದೆ ಎಂದು ರೊಮೆರೊ ಮತ್ತು ರೀಡ್ 2005ರಲ್ಲಿ ತೋರಿಸಿದರು. ಪ್ರತಿ ಹಕ್ಕಿಯ ಸೆಕೆಂಡುಗಳನ್ನೂ ದತ್ತಾಂಶದ ಹಾಳೆಯಲ್ಲಿ ಕೊಡಿ, ‘ಬೇಗನೆ ತೆಗೆಯಲಾಯಿತು’ ಎಂಬ ವಾಕ್ಯ ಬೇಡ. ಅರಣ್ಯ ಇಲಾಖೆಯ ಅನುಮತಿ ಪತ್ರವೂ ಇರಲಿ.

ನಮ್ಮ ಕಡೆಯ ಸಿಂಗಳೀಕಗಳ ಹಿಕ್ಕೆಯಿಂದ ಒತ್ತಡ ಅಳೆಯಬಹುದಂತೆ. ಮಲೆನಾಡಿನ ಮಳೆಯಲ್ಲಿ ಅದು ನಂಬುವಂಥದ್ದೇ?

ನಂಬುವಂತೆ ಮಾಡಬಹುದು, ಆದರೆ ಕಷ್ಟಪಡಬೇಕು. ಪ್ರಾಣಿಯನ್ನು ಮುಟ್ಟದೆ ಅಳೆಯಬಹುದೆಂಬುದೇ ಈ ವಿಧಾನದ ದೊಡ್ಡ ಗುಣ. ಶಿರಸಿ-ಹೊನ್ನಾವರ ನಡುವಿನ ಕಾಡಿನಲ್ಲಿ, 2011ರಲ್ಲಿ ಘೋಷಣೆಯಾದ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶದಂಥ ಕಡೆ, ಮರದ ತುದಿಯಲ್ಲಿ ಬದುಕುವ ಪ್ರಾಣಿಗೆ ಸೂಜಿ ಚುಚ್ಚುವ ಮಾತೇ ಇಲ್ಲ. ಹೈದರಾಬಾದಿನ ಜೀವವಿಜ್ಞಾನ ಸಂಸ್ಥೆ ಸಿಸಿಎಂಬಿಯ ವನ್ಯಜೀವಿ ವಿಭಾಗವಾದ ಲಾಕೋನ್ಸ್ ಕೇಂದ್ರದಲ್ಲಿ ಈ ಬಗೆಯ ಅಳತೆಯ ಅನುಭವ ಬೇಕಾದಷ್ಟಿದೆ.

ಹಿಕ್ಕೆಯಲ್ಲಿ ಸಿಗುವುದು ಕಾರ್ಟಿಸೋಲ್ ಅಲ್ಲ, ಯಕೃತ್ತು ಮತ್ತು ಕರುಳಿನಲ್ಲಿ ಅದು ಒಡೆದು ಆದ ಚೂರುಗಳು. ಯಾವ ಚೂರು ಎಂಬುದು ಪ್ರಾಣಿಯಿಂದ ಪ್ರಾಣಿಗೆ ಬೇರೆ. ಹಾಗಾಗಿ ನಿಮ್ಮ ಕಿಟ್ ಈ ಪ್ರಾಣಿಯಲ್ಲಿ ಕೆಲಸ ಮಾಡುತ್ತದೆಯೇ ಎಂದು ಮೊದಲು ಪರೀಕ್ಷಿಸಿರಬೇಕು. ಮೃಗಾಲಯದ ಪ್ರಾಣಿಯನ್ನು ಸಾಗಿಸಿದ ಹಿಂದಿನ, ಮುಂದಿನ ದಿನಗಳ ಹಿಕ್ಕೆಯನ್ನು ಹೋಲಿಸುವುದು ಒಂದು ದಾರಿ. ಕರುಳಲ್ಲಿ ಸಾಗಲು ಹಿಡಿಯುವ ಕಾಲದಿಂದಾಗಿ ಇಂದಿನ ಹಿಕ್ಕೆ ಹೇಳುವುದು ಕಳೆದ ಹೊತ್ತಿನ ಕಥೆ. ತಿಂದ ಹಣ್ಣು, ನಾರು ಬದಲಾದರೂ ಪ್ರಮಾಣ ಬದಲಾಗುತ್ತದೆ. ನೆಲಕ್ಕೆ ಬಿದ್ದ ಮೇಲೆ ಬ್ಯಾಕ್ಟೀರಿಯಾಗಳು ಕೆಲಸ ಮುಂದುವರಿಸುತ್ತವೆ, ಮಳೆ ತೊಳೆಯುತ್ತದೆ.

ಇನ್ನು ಶೀಶೆಯ ಮೇಲಿನ ಬರಹ. ಮಾರ್ಕರ್ ಶಾಯಿಯಲ್ಲಿ ಬರೆದರೆ, ಹಿಕ್ಕೆ ಕೆಡದಂತೆ ಶೀಶೆಗೆ ಹಾಕಿದ ಆಲ್ಕೋಹಾಲ್ ಸೋರಿದ ಕೂಡಲೇ ಅಳಿಸಿಹೋಗುತ್ತದೆ. ದಪ್ಪ ಕಾಗದದ ಚೂರಿನಲ್ಲಿ ಸೀಸದ ಕಡ್ಡಿಯಿಂದ ಬರೆದು ಶೀಶೆಯ ಒಳಗೇ ಹಾಕಿ. ಬಿದ್ದದ್ದು ಕಂಡ ಹೊತ್ತು, ತೆಗೆದ ಹೊತ್ತು, ಮಳೆ ಇತ್ತೇ, ಯಾವ ಪ್ರಾಣಿಯದು, ಕಣ್ಣಾರೆ ನೋಡಿದ್ದೋ ಊಹೆಯೋ. ಈ ಐದನ್ನು ತೆರೆದು ಕೊಡದ ಹಿಕ್ಕೆಯ ಅಧ್ಯಯನವನ್ನು ನಾನು ಗಂಭೀರವಾಗಿ ಓದುವುದಿಲ್ಲ.

ನಮ್ಮಲ್ಲಿ ಹಾರ್ಮೋನ್ ಅಳೆಯುವ ಯಂತ್ರವೇ ಇಲ್ಲ. ಬರೀ ವರ್ತನೆ ನೋಡಿ ಬರೆದರೆ ಉಪಯೋಗವಿದೆಯೇ?

ತುಂಬಾ. ಈ ವಿಜ್ಞಾನದ ಅರ್ಧ ಭಾಗ ವರ್ತನೆಯದೇ, ಅಶಿಸ್ತು ಹೆಚ್ಚು ಇರುವುದೂ ಅಲ್ಲಿಯೇ. ಕತ್ತಲೆಕಾನಿನ ಕುಂಬಾರ ಕಪ್ಪೆಯನ್ನು ನೋಡಿ. 2014ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಈ ಕಪ್ಪೆಯಲ್ಲಿ ಗಂಡು ಮುಂಗಾಲುಗಳಿಂದ ಕೆಸರು ತೆಗೆದು ಮೊಟ್ಟೆಗಳಿಗೆ ಮೆತ್ತುತ್ತದೆ. ಅದನ್ನು ‘ತಂದೆಯ ಆರೈಕೆ’ ಎಂದು ಬರೆದುಕೊಂಡರೆ ಸಾಲದು. ಒಂದು ಸಲ ಕೆಸರು ತಂದದ್ದು ಒಂದು ಎಣಿಕೆಯೋ, ಮೆತ್ತಿದ ಪ್ರತಿ ಸ್ಪರ್ಶ ಒಂದು ಎಣಿಕೆಯೋ? ನಡುವೆ ನಿಂತು ಕೂಗಿದರೆ ಆ ಹೊತ್ತನ್ನು ಯಾವ ಖಾನೆಗೆ ಹಾಕುತ್ತೀರಿ? ಈ ವ್ಯಾಖ್ಯೆಗಳನ್ನು ಮೊದಲು ಬರೆಯಿರಿ. ಇಬ್ಬರು ಬೇರೆ ಬೇರೆ ಕೂತು ಅದೇ ವಿಡಿಯೊ ನೋಡಿ ಎಣಿಸಲಿ, ಯಾವ ಪ್ರಾಣಿ ಯಾವ ಗುಂಪಿನದು ಎಂದು ಅವರಿಗೆ ತಿಳಿಯದಿರಲಿ. ಇಬ್ಬರ ಎಣಿಕೆ ಎಷ್ಟು ಹೊಂದುತ್ತದೆ ಎಂಬುದನ್ನೂ, ಸಾಧ್ಯವಾದರೆ ವಿಡಿಯೊವನ್ನೂ ಪ್ರಕಟಿಸಿ. ಮುಂದೆ ಯಂತ್ರ ಇರುವವರು ಬಂದಾಗ ನಿಮ್ಮ ಕೆಲಸವೇ ಅವರಿಗೆ ಅಡಿಪಾಯ.

ಎಲ್ಲ ತೆರೆದಿಟ್ಟರೆ ಬೇಟೆಗಾರರಿಗೆ ದಾರಿ ತೋರಿಸಿದಂತಾಗುವುದಿಲ್ಲವೇ? ಜನರ ಮಾಹಿತಿಯೂ ಬೀದಿಗೆ ಬರುವುದಿಲ್ಲವೇ?

ಎಲ್ಲವನ್ನೂ ತೆರೆಯಬೇಕು ಎಂದು ಯಾರೂ ಹೇಳಿಲ್ಲ. ಗೂಡಿನ, ಬಿಲದ ನಿಖರ ಅಕ್ಷಾಂಶ-ರೇಖಾಂಶ ಬೇಡ. ತಾಲೂಕಿನ ಮಟ್ಟಕ್ಕೆ ಮಸುಕು ಮಾಡಿ, ಮಸುಕು ಮಾಡಿದ್ದನ್ನು ಹೇಳಿ. ಜನರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ದೊಡ್ಡ ನಗರದಲ್ಲಿ ‘34 ವರ್ಷ, ಶಿಕ್ಷಕಿ’ ಎಂದರೆ ಯಾರೂ ಗೊತ್ತಾಗುವುದಿಲ್ಲ. ಸಿದ್ದಾಪುರ ತಾಲೂಕಿನ ಒಂದು ಹಳ್ಳಿಯ ಹೆಸರಿನ ಜೊತೆ ಅದನ್ನೇ ಬರೆದರೆ ಊರಿಗೆಲ್ಲ ಗೊತ್ತು, ಜೊತೆಗೆ ಅವರ ಥೈರಾಯ್ಡ್, ಗರ್ಭಧಾರಣೆಯ ಕಥೆಯೂ ಗೊತ್ತು. ಹೆಸರು ತೆಗೆದರೆ ಗುರುತು ಅಳಿಯುತ್ತದೆ ಎಂದು ತಿಳಿಯಬೇಡಿ. ವಯಸ್ಸನ್ನು ಹತ್ತು ವರ್ಷದ ಗುಂಪಾಗಿಸಿ, ಊರು ಬಿಡಿ. ದತ್ತಾಂಶ ಹಂಚುವ ಮಾತನ್ನು ಒಪ್ಪಿಗೆ ಪತ್ರದಲ್ಲೇ ಕನ್ನಡದಲ್ಲಿ, ಅರ್ಥವಾಗುವಂತೆ ಬರೆಯಿರಿ. ಆಮೇಲೆ ಮನೆಮನೆಗೆ ಹೋಗಿ ಹೊಸದಾಗಿ ಒಪ್ಪಿಗೆ ಕೇಳಲು ಆಗುವುದಿಲ್ಲ.

## ಪಳಗಿದವರು ಕೇಳುವವು

ಒಂದೇ ಮಾದರಿಯನ್ನು ಎರಡು ಪ್ರಯೋಗಾಲಯಕ್ಕೆ ಕಳಿಸಿದೆ. ಟೆಸ್ಟೊಸ್ಟಿರೋನ್ ಎರಡು ಕಡೆ ಬೇರೆ ಬಂತು. ಯಾರದು ಸರಿ?

ಎರಡೂ ತಮ್ಮ ತಮ್ಮ ಮಟ್ಟಿಗೆ ‘ಸರಿ’ ಇರಬಹುದು. ಎಲೈಸಾ ಕಿಟ್‌ನಲ್ಲಿರುವ ಪ್ರತಿಕಾಯ ಟೆಸ್ಟೊಸ್ಟಿರೋನ್ ಮಾತ್ರವಲ್ಲ, ಅದನ್ನು ಹೋಲುವ ಬೇರೆ ಸ್ಟಿರಾಯ್ಡ್‌ಗಳಿಗೂ ಸ್ವಲ್ಪ ಅಂಟಿಕೊಳ್ಳುತ್ತದೆ. ಹಾರ್ಮೋನ್ ಹೇರಳವಾಗಿರುವಲ್ಲಿ ಈ ತಪ್ಪು ಮುಚ್ಚಿಹೋಗುತ್ತದೆ. ಹೆಂಗಸರ ಜೊಲ್ಲಿನಂತೆ ಅತ್ಯಲ್ಪ ಇರುವಲ್ಲಿ ಎದ್ದು ಕಾಣುತ್ತದೆ. ಅಣುಗಳನ್ನು ಅವುಗಳ ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೆಟ್ರಿಯೊಂದಿಗೆ ಹೋಲಿಸಿದ ಅಧ್ಯಯನಗಳಲ್ಲಿ ಕಿಟ್‌ಗಳು ಕಡಿಮೆ ಪ್ರಮಾಣವನ್ನು ಹೆಚ್ಚಿಸಿ ತೋರಿಸಿದ್ದು ಕಂಡಿದೆ. ಮಾಸ್ ಸ್ಪೆಕ್ಟ್ರೋಮೆಟ್ರಿ ದುಬಾರಿ, ಎಲ್ಲರಿಗೂ ಎಟುಕುವುದಿಲ್ಲ. ಕಿಟ್ಟನ್ನೇ ಬಳಸಿ, ಆದರೆ ಅದರ ಮಿತಿಗಳ ಜೊತೆಗೆ.

ಕಿಟ್‌ನ ಹೆಸರು, ಬ್ಯಾಚ್ ಸಂಖ್ಯೆ, ತಯಾರಕರು ಹೇಳುವ ಅಡ್ಡ-ಅಂಟಿಕೆಯ ಪಟ್ಟಿ, ಪತ್ತೆ ಮಾಡಬಲ್ಲ ಕನಿಷ್ಠ ಪ್ರಮಾಣ, ಒಂದೇ ತಟ್ಟೆಯೊಳಗಿನ ಮತ್ತು ತಟ್ಟೆಯಿಂದ ತಟ್ಟೆಗೆ ಬರುವ ವ್ಯತ್ಯಾಸ ಇವು ಕನಿಷ್ಠ. ಒಂದು ಹೆಜ್ಜೆ ಮುಂದೆ ಹೋಗಿ: ಯಂತ್ರ ಕೊಟ್ಟ ಮೂಲ ಓದುಗಳನ್ನೂ ಯಾವ ಬಾವಿಯಲ್ಲಿ ಯಾವ ಮಾದರಿ ಇತ್ತು ಎಂಬ ನಕ್ಷೆಯನ್ನೂ ಕೊಡಿ. ಒಂದು ಗುಂಪಿನ ಮಾದರಿಗಳೆಲ್ಲ ಮೊದಲ ತಟ್ಟೆಯಲ್ಲಿ, ಇನ್ನೊಂದು ಗುಂಪಿನವು ಎರಡನೆಯದರಲ್ಲಿ ಇದ್ದರೆ ನಿಮ್ಮ ‘ಪರಿಣಾಮ’ ತಟ್ಟೆಯದೋ ಹಾರ್ಮೋನಿನದೋ ಎಂದು ದೇವರೇ ಹೇಳಬೇಕು. ಪತ್ತೆಯಾಗದಷ್ಟು ಕಡಿಮೆ ಬಂದವುಗಳನ್ನು ಸೊನ್ನೆ ಎಂದಿರೋ, ಬಿಟ್ಟಿರೋ ಎಂಬುದನ್ನೂ ಹೇಳಿ. ಎಷ್ಟೋ ಫಲಿತಾಂಶಗಳು ನಿಂತಿರುವುದು ಆ ಒಂದು ನಿರ್ಧಾರದ ಮೇಲೆ.

ಎಲ್ಲವನ್ನೂ ಲೇಖನದಲ್ಲಿದ್ದಂತೆಯೇ ಮಾಡಿದೆ. ನನ್ನ ಇಲಿಗಳು ಬೇರೆಯೇ ವರ್ತಿಸುತ್ತವೆ. ಎಲ್ಲಿ ಎಡವಿದೆ?

ಎಡವದೆಯೂ ಇರಬಹುದು. 1999ರಲ್ಲಿ ಕ್ರಾಬ್ ಮತ್ತು ಸಂಗಡಿಗರು ಅಮೆರಿಕದ ಆಲ್ಬನಿ, ಪೋರ್ಟ್‌ಲ್ಯಾಂಡ್ ಮತ್ತು ಕೆನಡಾದ ಎಡ್ಮಂಟನ್‌ನಲ್ಲಿ ಅವೇ ತಳಿಗಳ ಇಲಿ, ಅದೇ ಆಹಾರ, ಅದೇ ಹೊತ್ತು, ಅದೇ ಉಪಕರಣ ಇಟ್ಟುಕೊಂಡು ಪ್ರಯೋಗ ಮಾಡಿದರು. ಆದರೂ ಕೆಲವು ಪರೀಕ್ಷೆಗಳಲ್ಲಿ ಮೂರು ಕಡೆಯೂ ಬೇರೆ ಬೇರೆ ಬಂತು. 2014ರಲ್ಲಿ ಇನ್ನೊಂದು ತಂಡ ತೋರಿಸಿದ್ದು: ಪ್ರಯೋಗ ಮಾಡುವವರು ಗಂಡಸರಾದರೆ, ಅಥವಾ ಗಂಡಸರು ತೊಟ್ಟ ಅಂಗಿ ಹತ್ತಿರವಿದ್ದರೂ, ಇಲಿಗಳ ಒತ್ತಡದ ಹಾರ್ಮೋನ್ ಏರುತ್ತದೆ. ಆ ಮೇಲೆ ‘ಯಾರು ಹಿಡಿದರು’ ಎಂಬ ಖಾನೆ ಇಲ್ಲದ ದತ್ತಾಂಶವನ್ನು ಹೇಗೆ ನೋಡುವುದು?

ಎಲ್ಲಕ್ಕಿಂತ ಎದೆ ಝಲ್ಲೆನಿಸುವುದು ಪಂಜರ ತೊಳೆದ ಪ್ರಸಂಗ. 1998ರಲ್ಲಿ ಪ್ಯಾಟ್ರಿಶಿಯಾ ಹಂಟ್ ಅವರ ಪ್ರಯೋಗಾಲಯದಲ್ಲಿ, ಚಿಕಿತ್ಸೆಯೇ ಇಲ್ಲದ ಹೋಲಿಕೆ ಗುಂಪಿನ ಹೆಣ್ಣಿಲಿಗಳ ಅಂಡಾಣುಗಳಲ್ಲೂ ವರ್ಣತಂತುಗಳ ತೊಡಕು ದಿಢೀರೆಂದು ಹೆಚ್ಚಿತು. ಹುಡುಕುತ್ತ ಹೋದಾಗ ಸಿಕ್ಕಿದ್ದು ಇದು: ತಪ್ಪು ಮಾರ್ಜಕದಲ್ಲಿ ತೊಳೆದ ಪಾಲಿಕಾರ್ಬನೇಟ್ ಪಂಜರ, ನೀರಿನ ಬಾಟಲಿಗಳಿಂದ ಬಿಸ್ಫಿನಾಲ್-ಎ ಸೋರುತ್ತಿತ್ತು, ಅದು ಹೆಣ್ಣು ಹಾರ್ಮೋನ್ ಈಸ್ಟ್ರೋಜೆನ್‌ನಂತೆ ವರ್ತಿಸುವ ವಸ್ತು. ಇದು 2003ರಲ್ಲಿ ಪ್ರಕಟವಾಯಿತು. ಪಂಜರದ ಪ್ಲಾಸ್ಟಿಕ್, ಹಾಸಿದ ಹೊಟ್ಟು, ಆಹಾರದಲ್ಲಿನ ಸೋಯಾ ಇವೆಲ್ಲ ನಮ್ಮ ಕ್ಷೇತ್ರದಲ್ಲಿ ವಿಧಾನದ ಭಾಗ. ಪ್ರಾಣಿ ಸಂಶೋಧನೆಗೆಂದೇ ಇರುವ ಅರೈವ್ ಮಾರ್ಗಸೂಚಿ 2010ರಲ್ಲಿ ಬಂದು, 2020ರಲ್ಲಿ ಪರಿಷ್ಕರಣೆಯಾಗಿದೆ. ಪ್ರಯೋಗ ಮುಗಿದ ಮೇಲಲ್ಲ, ಶುರುವಿಗೆ ಮೊದಲೇ ಅದನ್ನು ಗೋಡೆಗೆ ಅಂಟಿಸಿ.

ಹೆಣ್ಣಿಲಿಗಳಲ್ಲಿ ಋತುಚಕ್ರದ ತಲೆನೋವು. ಗಂಡನ್ನು ಮಾತ್ರ ಬಳಸಿದರೆ ತಪ್ಪೇ?

ಹಳೆಯ ನೆಪ. 2014ರಲ್ಲಿ ಪ್ರೆಂಡರ್‌ಗಾಸ್ಟ್ ಮತ್ತು ಸಂಗಡಿಗರು 293 ಲೇಖನಗಳನ್ನು ಸೋಸಿ ನೋಡಿದಾಗ ಹೆಣ್ಣಿಲಿಗಳ ಅಳತೆಗಳು ಗಂಡಿಲಿಗಳಿಗಿಂತ ಹೆಚ್ಚು ಚದುರಿರಲಿಲ್ಲ. ಗಂಡನ್ನು ಮಾತ್ರ ಬಳಸಲು ನಿಜವಾದ ಕಾರಣವಿದ್ದರೆ ಶೀರ್ಷಿಕೆಯಲ್ಲೇ ‘ಗಂಡಿಲಿಗಳಲ್ಲಿ’ ಎಂದು ಬರೆಯಿರಿ.

ಪ್ರಾಣಿ ನೈತಿಕ ಸಮಿತಿ ‘ಕಡಿಮೆ ಪ್ರಾಣಿ ಬಳಸಿ’ ಎನ್ನುತ್ತದೆ, ಪತ್ರಿಕೆಯ ವಿಮರ್ಶಕರು ‘ಹೆಚ್ಚು ಬೇಕು’ ಎನ್ನುತ್ತಾರೆ. ಯಾರ ಮಾತು ಕೇಳಲಿ?

ಕಡಿಮೆ ಮಾಡಿ ಎಂಬ ತತ್ವವನ್ನು 1959ರಲ್ಲಿ ರಸೆಲ್ ಮತ್ತು ಬರ್ಚ್ ಮುಂದಿಟ್ಟಾಗ, ಉತ್ತರವೇ ಸಿಗದಷ್ಟು ಕಡಿಮೆ ಮಾಡಿ ಎಂಬ ಅರ್ಥ ಅದಕ್ಕಿರಲಿಲ್ಲ. 2013ರಲ್ಲಿ ಬಟನ್ ಮತ್ತು ಸಂಗಡಿಗರು ನರವಿಜ್ಞಾನದ ಅಧ್ಯಯನಗಳನ್ನು ಅಳೆದಾಗ, ಇರುವ ಪರಿಣಾಮವನ್ನು ಹಿಡಿಯುವ ಶಕ್ತಿಯ ಮಧ್ಯಮ ಮೌಲ್ಯ ಶೇ. 21ರಷ್ಟಿತ್ತು. ಎಂಟು ಇಲಿಗಳನ್ನು ಕೊಂದು ಏನೂ ತಿಳಿಯದಿದ್ದರೆ ಎಂಟೂ ವ್ಯರ್ಥ. ಸಮಿತಿಯ ಮುಂದೆ ನಿಮ್ಮ ಲೆಕ್ಕವನ್ನು ಇಡಿ: ಎಷ್ಟು ದೊಡ್ಡ ಪರಿಣಾಮ ಇದ್ದರೆ ಅದಕ್ಕೆ ಅರ್ಥವಿದೆ, ಅದನ್ನು ಹಿಡಿಯಲು ಎಷ್ಟು ಬೇಕು. ಒಂದು ಕೇಂದ್ರಕ್ಕೆ ಅಷ್ಟು ಆಗದಿದ್ದರೆ ಎರಡು ಮೂರು ಕೇಂದ್ರಗಳು ಹಂಚಿಕೊಂಡು ಮಾಡಬಹುದು.

ವಿಶ್ಲೇಷಣೆಯನ್ನು ಎಕ್ಸೆಲ್‌ನಲ್ಲಿ ಮಾಡಿದ್ದೇನೆ. ಕೋಡ್ ಕೊಡಿ ಎನ್ನುತ್ತಾರೆ. ಏನು ಕೊಡಲಿ?

ಎಕ್ಸೆಲ್ ಸಾಮಾನ್ಯನಲ್ಲ. ಕೆಲವು ಜೀನ್‌ಗಳ ಹೆಸರನ್ನು ಅದು ತನ್ನಷ್ಟಕ್ಕೆ ತಾರೀಖು ಮಾಡಿಬಿಡುತ್ತಿತ್ತು. ಜೀನ್ ಪಟ್ಟಿಯ ಎಕ್ಸೆಲ್ ಕಡತ ಲಗತ್ತಿಸಿದ ಲೇಖನಗಳಲ್ಲಿ ಐದರಲ್ಲಿ ಒಂದರಷ್ಟು ಹೀಗೆ ಕೆಟ್ಟಿವೆ ಎಂದು 2016ರಲ್ಲಿ ಗೊತ್ತಾಯಿತು. ಕಡೆಗೆ ಜೀನ್‌ಗಳ ಹೆಸರನ್ನೇ ಬದಲಾಯಿಸಬೇಕಾಯಿತು! ನಿಮ್ಮ ಮೂಲ ಹಾಳೆಯನ್ನು ಮುಟ್ಟದೆ ಸಿಎಸ್‌ವಿ ಕಡತವಾಗಿ (ಅಲ್ಪವಿರಾಮದಿಂದ ಬೇರ್ಪಟ್ಟ ಬರೀ ಅಕ್ಷರ-ಅಂಕಿಗಳ ಕಡತ) ಇಡಿ, ತಾರೀಖನ್ನು ವರ್ಷ-ತಿಂಗಳು-ದಿನ ಎಂದು ಬರೆಯಿರಿ, ಲೆಕ್ಕವನ್ನು ಉಚಿತವಾಗಿ ಸಿಗುವ ‘ಆರ್’ ಎಂಬ ಗಣಕ ಭಾಷೆಯಲ್ಲಿ ಮಾಡಿ, ಅಲ್ಲಿ ಬರೆದ ಸಾಲುಗಳೇ ನೀವು ಕೊಡಬೇಕಾದ ಕೋಡ್. ಪ್ರತಿ ಕಾಲಮ್ಮಿನ ಹೆಸರು, ಏಕಮಾನ ಏನೆಂದು ಒಂದು ಪುಟ ಸೇರಿಸಿ. ನ್ಯಾನೊಗ್ರಾಮೋ ನ್ಯಾನೊಮೋಲೋ ಗೊತ್ತಾಗದ ದತ್ತಾಂಶ ತೆರೆದಿದ್ದರೂ ಮುಚ್ಚಿದಂತೆಯೇ.

ದತ್ತಾಂಶ ಹಾಕಿಟ್ಟರೆ ದೊಡ್ಡ ಸಂಸ್ಥೆಯವರು ನಮಗಿಂತ ಮೊದಲು ಬರೆದುಬಿಡುತ್ತಾರಲ್ಲ?

ಈ ಭಯ ಸುಳ್ಳಲ್ಲ. ಎರಡು ಮಳೆಗಾಲ ಜಿಗಣೆ ಕಚ್ಚಿಸಿಕೊಂಡು ಮಾದರಿ ತಂದವರಿಗೆ ಒಂದು ಕೃತಜ್ಞತೆಯ ಸಾಲು, ತಂಪು ಕೋಣೆಯಲ್ಲಿ ಲೆಕ್ಕ ಹಾಕಿದವರಿಗೆ ಮೊದಲ ಹೆಸರು ಎಂಬುದು ನಡೆಯುತ್ತಲೇ ಇದೆ. ಮುಕ್ತತೆಯ ಬಗ್ಗೆ ಉಪನ್ಯಾಸ ಕೊಡುವವರು ಇದನ್ನು ಹೆಚ್ಚು ಮಾತಾಡುವುದಿಲ್ಲ. ಆದರೂ ಕೈಯಲ್ಲಿ ಉಪಾಯಗಳಿವೆ. ಯುರೋಪಿನ ಭೌತವಿಜ್ಞಾನ ಸಂಸ್ಥೆ ಸೆರ್ನ್ ನಡೆಸುವ ಝೆನೋಡೊದಂಥ ಭಂಡಾರದಲ್ಲಿ ಇಟ್ಟರೆ ದತ್ತಾಂಶಕ್ಕೆ ಡಿಒಐ ಎಂಬ ಶಾಶ್ವತ ಗುರುತಿನ ಸಂಖ್ಯೆ ಸಿಗುತ್ತದೆ. ನಿಮ್ಮ ಹೆಸರು, ದಿನಾಂಕ ಎರಡೂ ದಾಖಲಾಗುತ್ತವೆ. ಲೇಖನ ಬರುವವರೆಗೆ ಮುಚ್ಚಿಟ್ಟು, ಬಂದ ದಿನ ತೆರೆಯಬಹುದು. ಕರಡನ್ನು ಪ್ರೀಪ್ರಿಂಟ್ ಆಗಿ, ಅಂದರೆ ವಿಮರ್ಶೆಗೆ ಮುಂಚೆಯೇ ಅಂತರಜಾಲದಲ್ಲಿ, ಹಾಕಿದರೆ ಯಾರು ಮೊದಲು ಎಂಬ ಜಗಳಕ್ಕೆ ಸಾಕ್ಷಿಯೂ ಆಯಿತು.

ಓದುವ ಬಾಗಿಲು ಮಾತ್ರ ಸ್ವಲ್ಪ ತೆರೆದಿದೆ. ಕೇಂದ್ರ ಸಂಪುಟ 2024ರ ನವೆಂಬರಿನಲ್ಲಿ ಒಪ್ಪಿದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಇಟ್ಟಿದ್ದು, ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸುಮಾರು 13,000 ನಿಯತಕಾಲಿಕೆಗಳು ಸಿಗುತ್ತವೆ. ನಿಮ್ಮ ಗ್ರಂಥಪಾಲಕರನ್ನು ಕೇಳಿ.

ಏನೂ ಪರಿಣಾಮ ಇಲ್ಲ ಎಂದು ಬಂತು. ‘ಇದನ್ನು ಯಾರು ಪ್ರಕಟಿಸುತ್ತಾರೆ’ ಎನ್ನುತ್ತಾರೆ ಗೈಡ್. ಬಿಟ್ಟುಬಿಡಲೇ?

ಬಿಡಬೇಡಿ. 2016ರಲ್ಲಿ ಲೇನ್ ಮತ್ತು ಸಂಗಡಿಗರು ತಮ್ಮದೇ ಪ್ರಯೋಗಾಲಯದ ಕಪಾಟು ತೆರೆದು, ಆಕ್ಸಿಟೋಸಿನ್ ಸಿಂಪಡಣೆಯ ಮೇಲೆ ತಾವು ಮಾಡಿ ಪ್ರಕಟಿಸದೆ ಉಳಿಸಿದ್ದ ಪ್ರಯೋಗಗಳನ್ನೆಲ್ಲ ಲೆಕ್ಕಕ್ಕೆ ತಂದರು. ಹೊರಗೆ ಹೋದವು ಹೆಚ್ಚಾಗಿ ‘ಇದೆ’ ಎಂದವು, ಕಪಾಟಿನಲ್ಲಿ ಉಳಿದವು ‘ಇಲ್ಲ’ ಎಂದವು. ಓದುಗರಿಗೆ ಕಾಣುವುದು ಮೊದಲಿನವು ಮಾತ್ರ.

ಆದರೆ ‘ಪರಿಣಾಮ ಸಿಗಲಿಲ್ಲ’ ಎನ್ನುವುದಕ್ಕೂ ‘ಪರಿಣಾಮ ಇಲ್ಲ’ ಎನ್ನುವುದಕ್ಕೂ ಅಂತರವಿದೆ. ಹನ್ನೆರಡು ಜನರ ಅಧ್ಯಯನದಲ್ಲಿ ಏನೂ ಸಿಗದಿದ್ದರೆ ಅದು ಮೌನವಷ್ಟೇ. ಅರ್ಥವಿರುವಷ್ಟು ದೊಡ್ಡ ಪರಿಣಾಮ ಇರಲಾರದು ಎಂದು ತೋರಿಸಲು ಸಮಾನತೆಯ ಪರೀಕ್ಷೆ ಎಂಬ ಬೇರೆ ವಿಧಾನವಿದೆ. ಅದಕ್ಕೆ ಗಡಿಯನ್ನು ಮೊದಲೇ ನಿಗದಿ ಮಾಡಿರಬೇಕು. ಇನ್ನೂ ಶುರು ಮಾಡದವರಿಗೆ ಉತ್ತಮ ದಾರಿ ನೋಂದಾಯಿತ ವರದಿ. ‘ಕಾರ್ಟೆಕ್ಸ್’ ಪತ್ರಿಕೆ 2013ರಲ್ಲಿ ಶುರು ಮಾಡಿದ ಈ ಪದ್ಧತಿಯಲ್ಲಿ ವಿಮರ್ಶಕರು ಪ್ರಯೋಗಕ್ಕೆ ಮುಂಚೆಯೇ ವಿಧಾನವನ್ನು ಓದಿ ಒಪ್ಪಿಕೊಳ್ಳುತ್ತಾರೆ, ಫಲಿತಾಂಶ ಏನೇ ಬಂದರೂ ಪ್ರಕಟಿಸುತ್ತಾರೆ.

ಬೇರೆಯವರ ಹಳೆಯ ಕೆಲಸವನ್ನೇ ಮತ್ತೆ ಮಾಡಿದರೆ ಪಿಎಚ್.ಡಿ. ಕೊಡುತ್ತಾರೆಯೇ?

ಅದೊಂದಕ್ಕೇ ಕೊಡುವುದು ಕಷ್ಟ. ಮೊದಲ ಅಧ್ಯಾಯ ಮರುಪ್ರಯೋಗವಾಗಲಿ, ಉಳಿದವು ಅಲ್ಲಿಂದ ಬೆಳೆಯಲಿ. ವಸ್ತು ನಮ್ಮ ಪಕ್ಕದಲ್ಲೇ ಇದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಕಪ್ಪೆ ಮತ್ತು ಹಲ್ಲಿಗಳ ಸಂತಾನೋತ್ಪತ್ತಿ ಹಾಗೂ ಹಾರ್ಮೋನುಗಳ ಮೇಲೆ ದಶಕಗಳ ಕೆಲಸ ನಡೆದಿದೆ. ಪ್ರಬಂಧಗಳಿಗಾಗಿ ದೇಶದ ಪಿಎಚ್.ಡಿ. ಪ್ರಬಂಧಗಳ ಜಾಲತಾಣ ಶೋಧಗಂಗಾದಲ್ಲಿ ಹುಡುಕಿ. ಋತುಮಾನಕ್ಕೆ ತಕ್ಕ ಸಂತಾನೋತ್ಪತ್ತಿ ಚಕ್ರದ ಹಳೆಯ ಅಧ್ಯಯನವೊಂದನ್ನು ಆರಿಸಿ ಇಂದಿನ ಮಳೆಗಾಲದಲ್ಲಿ ಮತ್ತೆ ಮಾಡಿದರೆ, ಹೊಂದಿದರೂ ಹೊಂದದಿದ್ದರೂ ಸುದ್ದಿಯೇ. ಶುರು ಮಾಡುವ ಮೊದಲು ಆ ಪ್ರಬಂಧ ಬರೆದವರನ್ನೇ ಸಂಪರ್ಕಿಸಿ, ನಿವೃತ್ತರಾಗಿದ್ದರೂ ಸರಿ. ಮಾದರಿ ತೆಗೆದದ್ದು ಹಗಲೋ ರಾತ್ರಿಯೋ, ಕಪ್ಪೆಗಳು ಗದ್ದೆಯವೋ ಕೆರೆಯವೋ, ಎಷ್ಟು ದಿನ ತೊಟ್ಟಿಯಲ್ಲಿಟ್ಟಿದ್ದರು ಎಂದು ಕೇಳಿ. ಅಚ್ಚಾದ ಪುಟದಲ್ಲಿ ಇಲ್ಲದ ಈ ಮೂರು ಉತ್ತರಗಳನ್ನು ಅವರ ಅನುಮತಿ ಪಡೆದು ನಿಮ್ಮ ಪೂರ್ವನೋಂದಣಿಯ ಮೊದಲ ಪುಟದಲ್ಲಿ ಹಾಕಿ.